ನೋವಿಲ್ಲದ ಪಿತ್ತಕೋಶದ ಕಲ್ಲು ಮುಂದೆ ಕ್ಯಾನ್ಸರ್ ಆಗುತ್ತಾ? ಈಗಲೇ ತೆಗೆಸಬೇಕಾ?

ನಿಮ್ಮ ಅತ್ತಿಗೆಯ ತವರು ಪಾಟ್ನಾ, ವಯಸ್ಸು 46, ಅವರ ತಾಯಿ ತೀರಿಕೊಂಡಿದ್ದು ಪಿತ್ತಕೋಶದ ಕ್ಯಾನ್ಸರಿನಿಂದ, ಈಗ ಬೆಂಗಳೂರಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ ಕಲ್ಲು ಕಂಡಿದೆ, ನೋವಿಲ್ಲ ಅಂತ ಬರೆದಿದ್ದೀರಿ. ನಾನು ಡಾಕ್ಟರಲ್ಲ, ಪೆಥಾಲಜಿ ಲ್ಯಾಬ್ ಟೆಕ್ನಿಷಿಯನ್. ಆರು ವರ್ಷ ವಾರಾಣಸಿಯಲ್ಲಿದ್ದೆ, ಈಗ ಮೈಸೂರಲ್ಲಿದ್ದೇನೆ.

ಕಲ್ಲಿರುವ ಬಹುತೇಕರಿಗೆ ಕ್ಯಾನ್ಸರ್ ಬರುವುದೇ ಇಲ್ಲ. ಆದರೆ ಈ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಕಲ್ಲು ಇರುತ್ತದೆ. ನಮ್ಮ ಕಡೆ ಇದು ಅಪರೂಪ. ಉತ್ತರ ಪ್ರದೇಶ, ಬಿಹಾರ, ಬಂಗಾಳ, ಅಸ್ಸಾಂ ಹಾಗಲ್ಲ, ಅದರಲ್ಲೂ ಹೆಂಗಸರಿಗೆ ಹೆಚ್ಚು. ಟೈಫಾಯ್ಡ್ ರೋಗಾಣು ಪಿತ್ತಕೋಶದಲ್ಲೇ ಉಳಿದುಬಿಡುವುದು, ನೀರಿನ ಆರ್ಸೆನಿಕ್, ವಂಶದ ಗುಣ ಎಲ್ಲದರ ಮೇಲೂ ಅನುಮಾನವಿದೆ. ಮೂರು ಸೆಂಟಿಮೀಟರ್ ಮೀರಿದ ಕಲ್ಲು, ಒಂದು ಸೆಂಟಿಮೀಟರ್ ದಾಟಿದ ಪಾಲಿಪ್ (ಒಳಗೋಡೆಯಲ್ಲಿ ಬೆಳೆದ ಗಂಟು) ಇದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ರಿಪೋರ್ಟಿನಲ್ಲಿ ಅಳತೆ ನೋಡಿ.

ನಮ್ಮಲ್ಲಿ ಯಾರಿಗಾದರೂ ನೋವಿಲ್ಲದ ಕಲ್ಲಿದ್ದರೆ ಸುಮ್ಮನೆ ಬಿಡಿ ಎನ್ನುವುದೇ ಸರಿ. ನಿಮ್ಮ ಅತ್ತಿಗೆಗೆ ಅದೇ ಮಾತು ಹೇಳಲು ನನಗೆ ಧೈರ್ಯ ಬರುವುದಿಲ್ಲ. ಊರು, ತಾಯಿಯ ಕಾಯಿಲೆ ಎರಡನ್ನೂ ಸರ್ಜನ್ ಹತ್ತಿರ ಮೊದಲೇ ಹೇಳಿ, ಅವರಾಗಿ ಕೇಳಲಿ ಅಂತ ಕಾಯಬೇಡಿ. ಈ ಕಾಯಿಲೆ ಬಹಳವಿರುವ ಚಿಲಿ ದೇಶದಲ್ಲಿ, ಕಲ್ಲಿನಿಂದ ತೊಂದರೆಪಡುವ 35ರಿಂದ 49 ವರ್ಷದವರಿಗೆ ಕ್ಯಾನ್ಸರ್ ತಡೆಯಲೆಂದೇ ಪಿತ್ತಕೋಶ ತೆಗೆಯುವುದನ್ನು 2006ರಿಂದ ಸರಕಾರವೇ ಖಾತರಿ ಮಾಡಿದೆ.

ಆಪರೇಷನ್ ಆದರೆ ಒಂದು ವಿಷಯ ದಯವಿಟ್ಟು ಮರೆಯಬೇಡಿ. ಕಲ್ಲುಗಳನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ ಮನೆಯವರ ಕೈಗೆ ಕೊಡುತ್ತಾರೆ, ಎಲ್ಲರೂ ಅದನ್ನೇ ಅಲ್ಲಾಡಿಸಿ ನೋಡುತ್ತಾರೆ. ತೆಗೆದ ಪಿತ್ತಕೋಶದ ಚೀಲ ಎಲ್ಲಿ ಹೋಯಿತು ಅಂತ ಯಾರೂ ಕೇಳುವುದಿಲ್ಲ. ಅದು ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರವದಲ್ಲಿ ಲ್ಯಾಬಿಗೆ ಬರಬೇಕು. ನಮ್ಮ ಪೆಥಾಲಜಿಸ್ಟ್ ಮೇಡಂ ಅದನ್ನು ಸೀಳುವಾಗ ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಚೆನ್ನಾಗಿರುವ ಚೀಲದ ಒಳಮೈ ಪಾಚಿ ಬಣ್ಣದ ಮಖಮಲ್ಲಿನ ಹಾಗಿರುತ್ತದೆ. ಕೆಲವದರಲ್ಲಿ ಒಂದು ಕಡೆ ಬೆರಳಿಗೆ ಗಟ್ಟಿ ಸಿಗುತ್ತದೆ, ಕೊಯ್ದರೆ ಬೂದುಬಿಳುಪು, ಕ್ಯಾನ್ಸರ್ ಇರಬಹುದು ಅನ್ನುವ ಗುರುತು ಅದು. ವಾರಾಣಸಿಯಲ್ಲಿ ಹಾಗಾದಾಗ ಮೇಜಿನ ಸುತ್ತ ಮಾತು ನಿಂತುಬಿಡುತ್ತಿತ್ತು. ಬರೀ ಕಲ್ಲು ಅಂತ ತೆಗೆದಿದ್ದ ಚೀಲಗಳು ಅವು.

ಪಿತ್ತಕೋಶದ ಗೋಡೆ ತೆಳು, ಲಿವರಿಗೆ ಅಂಟಿಕೊಂಡೇ ಇರುತ್ತದೆ, ಹಾಗಾಗಿ ಕ್ಯಾನ್ಸರ್ ಬೇಗ ದಾಟಿಬಿಡುತ್ತದೆ. ಕಾಮಾಲೆ, ತೂಕ ಇಳಿಯುವುದು ಕಾಣುವ ಹೊತ್ತಿಗೆ ಬಹಳ ಜನರಿಗೆ ಕೈಮೀರಿರುತ್ತದೆ. 2020ರಲ್ಲಿ ಜಗತ್ತಿನಲ್ಲಿ ಸುಮಾರು 1,16,000 ಹೊಸ ರೋಗಿಗಳು, ಅದೇ ವರ್ಷ ಸುಮಾರು 85,000 ಸಾವು. ಅದೇ ಒಳಪದರದಲ್ಲಷ್ಟೇ ಇದ್ದಾಗ ಸಿಕ್ಕಿದರೆ ಚೀಲ ತೆಗೆದದ್ದೇ ಸಾಕಾಗುತ್ತದೆ. ಸ್ನಾಯುವಿಗೆ ಇಳಿದಿದ್ದರೆ ಲಿವರಿನ ಸ್ವಲ್ಪ ಭಾಗ, ಹತ್ತಿರದ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆಯಲು ಮತ್ತೊಂದು ಆಪರೇಷನ್ ಬೇಕು, ಅದು ತಡವಾಗಬಾರದು.

ಆಪರೇಷನ್‌ಗೆ ಮುಂಚೆಯೇ "ಬಯಾಪ್ಸಿಗೆ ಕಳಿಸುತ್ತೀರಲ್ಲಾ?" ಅಂತ ಕೇಳಿ. ಹೊಲಿಗೆ ಬಿಚ್ಚಿಸಲು ಹೋದ ದಿನ ಆ ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡೇ ಮನೆಗೆ ಬನ್ನಿ.