ಕ್ರೊಯೇಷಿಯಾದ ಗೋಲ್‌ಕೀಪರ್ ಡೊಮಿನಿಕ್ ಲಿವಾಕೊವಿಚ್ ಅಷ್ಟು ಹೆಸರು ಮಾಡಿದ್ದು ಹೇಗೆ?

ಮುಖ್ಯವಾಗಿ 2022ರ ಕತಾರ್ ಫುಟ್‌ಬಾಲ್ ವಿಶ್ವಕಪ್‌ನ ಎರಡು ಪಂದ್ಯಗಳಿಂದ. ಜಪಾನ್ ವಿರುದ್ಧ ಶೂಟೌಟ್‌ನಲ್ಲಿ (ಪಂದ್ಯ ಸಮವಾದಾಗ ಪೆನಾಲ್ಟಿ ಒದೆತಗಳಿಂದ ಗೆಲುವು ನಿರ್ಧರಿಸುವ ಹಂತ) 3 ಪೆನಾಲ್ಟಿ ತಡೆದರು. ನಾಲ್ಕೇ ದಿನಕ್ಕೆ ಎದುರಿಗೆ ಬ್ರೆಜಿಲ್! ಪಂದ್ಯದುದ್ದಕ್ಕೂ ನೇಮರ್ ಬಳಗವನ್ನು ಗೋಳಾಡಿಸಿ, ಕೊನೆಗೆ ಶೂಟೌಟ್‌ನಲ್ಲಿ ರೊಡ್ರಿಗೊ ಹೊಡೆದ ಮೊದಲ ಪೆನಾಲ್ಟಿಯನ್ನೇ ತಡೆದುಬಿಟ್ಟರು. ಬ್ರೆಜಿಲ್ ಅಲ್ಲಿಗೇ ಮನೆಗೆ. ಕ್ರೊಯೇಷಿಯಾ ಮೂರನೇ ಸ್ಥಾನ ಪಡೆಯಿತು.

ಹಾಗಂತ ಸುಮ್ನೆ ಅದೃಷ್ಟ ಅನ್ನೋಕಾಗಲ್ಲ. 1995ರಲ್ಲಿ ಕ್ರೊಯೇಷಿಯಾದ ಜಾದರ್‌ನಲ್ಲಿ ಹುಟ್ಟಿದ ಇವರು ಅಲ್ಲಿನ ಡೈನಮೊ ಜಾಗ್ರೆಬ್ ಕ್ಲಬ್‌ಗೆ ವರ್ಷಗಟ್ಟಲೆ ಆಡಿ, ಲೀಗ್ ಪ್ರಶಸ್ತಿಗಳನ್ನು ಗೆದ್ದವರು. 2023ರಲ್ಲಿ ಟರ್ಕಿಯ ಫೆನರ್‌ಬಾಚೆ ಕ್ಲಬ್ ಸೇರಿದರು.

2018ರ ವಿಶ್ವಕಪ್‌ನಲ್ಲಿ ಡೆನ್ಮಾರ್ಕ್ ವಿರುದ್ಧ 3 ಪೆನಾಲ್ಟಿ ತಡೆದ ಕ್ರೊಯೇಷಿಯಾದ ಆಗಿನ ಗೋಲ್‌ಕೀಪರ್ ಸುಬಾಸಿಚ್ ಕೂಡ ಜಾದರ್‌ನವರೇ. ಆಗ ಲಿವಾಕೊವಿಚ್ ಬೆಂಚಿನಲ್ಲಿ ಕೂತು ನೋಡುತ್ತಿದ್ದರು.