ದುರ್ಬಲ ಕಂತಿನ ಅಪವಾದ ಯಾರ ತಲೆಗೆ?

ಪ್ರಶ್ನೆ: ಬ್ರಿಟನ್ನಿನ ಹಳೆಯ ಗೂಢಚಾರ ಧಾರಾವಾಹಿ ‘ದಿ ಅವೆಂಜರ್ಸ್’ನ 161 ಕಂತುಗಳಲ್ಲಿ ಅತ್ಯಂತ ಕಳಪೆಯಾದದ್ದು ಯಾವುದೆಂಬ ಮಾತು ಬಂದಾಗಲೆಲ್ಲ ಅಭಿಮಾನಿಗಳು ‘ಹೋಮಿಸೈಡ್ ಅಂಡ್ ಓಲ್ಡ್ ಲೇಸ್’ನತ್ತ ಬೆರಳು ತೋರಿಸುತ್ತಾರೆ. ಅದು ಅಷ್ಟು ಕೆಟ್ಟದ್ದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೆಟ್ಟದ್ದೇ, ಅನುಮಾನವಿಲ್ಲ. ಆದರೆ ದೋಷ ಕಥೆಗಿಂತ ಹೆಚ್ಚಾಗಿ ಅದು ಸಿದ್ಧವಾದ ರೀತಿಯಲ್ಲಿದೆ. (ಹೆಸರು ಕೇಳಿದೊಡನೆ ಅಮೆರಿಕದ ಕಾಮಿಕ್ಸ್ ವೀರರನ್ನು ನೆನೆಯುವ ಕಿರಿಯ ಓದುಗರಿಗೊಂದು ಮಾತು: ಇದು 1961ರಿಂದ 1969ರವರೆಗೆ ಪ್ರಸಾರವಾದ, ಬೌಲರ್ ಟೋಪಿ ಹಾಗೂ ಕೊಡೆಯ ಜಾನ್ ಸ್ಟೀಡ್ ಎಂಬ ಗೂಢಚಾರನ ಕಥೆ. ಆ ಪಾತ್ರವನ್ನು ಮಾಡಿದವರು ಪ್ಯಾಟ್ರಿಕ್ ಮ್ಯಾಕ್‌ನೀ.) ಸ್ಟೀಡನ ಜೊತೆಗಾರ್ತಿ ಎಮ್ಮಾ ಪೀಲ್ ಪಾತ್ರದ ಡಯಾನಾ ರಿಗ್ ನಿರ್ಗಮಿಸುವ ಹೊತ್ತಿಗೆ ನಿರ್ಮಾಪಕರಾದ ಬ್ರಯಾನ್ ಕ್ಲೆಮೆನ್ಸ್ ಮತ್ತು ಆಲ್ಬರ್ಟ್ ಫೆನೆಲ್ ಇಬ್ಬರನ್ನೂ ಬದಿಗೆ ಸರಿಸಿ, ಹಿಂದೆ ಇದೇ ಧಾರಾವಾಹಿಯಲ್ಲಿ ದುಡಿದಿದ್ದ ಜಾನ್ ಬ್ರೈಸ್ ಅವರಿಗೆ ಹೊಣೆ ವಹಿಸಲಾಯಿತು. ಕೆಲವೇ ಕಂತುಗಳ ಚಿತ್ರೀಕರಣದ ನಂತರ ಅವರನ್ನೂ ಕೈಬಿಟ್ಟು, ಹಳೆಯ ಜೋಡಿಯನ್ನೇ ಮರಳಿ ಕರೆತಂದರು. ಆ ನಡುವಿನ ಕಾಲದಲ್ಲಿ ತಯಾರಾದ ‘ದಿ ಗ್ರೇಟ್, ಗ್ರೇಟ್ ಬ್ರಿಟನ್ ಕ್ರೈಮ್’ ಎಂಬ ಕಂತು ತನ್ನ ಮೂಲರೂಪದಲ್ಲಿ ಎಂದೂ ಪ್ರಸಾರವಾಗಲಿಲ್ಲ.

ದುಡ್ಡು ಸುರಿದು ತೆಗೆದ ದೃಶ್ಯಗಳನ್ನು ಸುಮ್ಮನೆ ಬಿಸಾಡುವುದು ಯಾವ ನಿರ್ಮಾಪಕರಿಗೂ ಇಷ್ಟವಾಗದು. ಹಾಗಾಗಿ, ಸ್ಟೀಡನ ಮೇಲಧಿಕಾರಿಯಾದ ‘ಮದರ್’ ತನ್ನ ಹುಟ್ಟುಹಬ್ಬದ ದಿನ ಇಬ್ಬರು ವಯಸ್ಸಾದ ಅತ್ತೆಯರಿಗೆ ಕಥೆ ಹೇಳುವ ಹೊಸ ಚೌಕಟ್ಟನ್ನು ಕಟ್ಟಿ, ಅದರೊಳಗೆ ಹಳೆಯ ದೃಶ್ಯಗಳನ್ನು ಕತ್ತರಿಸಿ ಜೋಡಿಸಿದರು. ಹೀಗೆ ಹುಟ್ಟಿದ್ದೇ ‘ಹೋಮಿಸೈಡ್ ಅಂಡ್ ಓಲ್ಡ್ ಲೇಸ್’. ಬ್ರಿಟನ್ನಿನ ಕಲಾನಿಧಿಯನ್ನೆಲ್ಲ ಒಂದೇ ಏಟಿಗೆ ದೋಚುವ ಸಂಚು ಮೂಲ ಕಥೆಯಲ್ಲಿತ್ತು. ಅದು ಈ ಧಾರಾವಾಹಿಗೆ ಹೇಳಿ ಮಾಡಿಸಿದಂಥ ವಸ್ತು. ಆದರೆ ಪ್ರತಿ ತಿರುವಿನಲ್ಲೂ ಅತ್ತೆಯರು ಬಾಯಿ ಹಾಕಿ, ಇದೆಲ್ಲ ಬರೀ ತಮಾಷೆ ಎಂದು ನಮಗೆ ನೆನಪಿಸುತ್ತಲೇ ಇರುತ್ತಾರೆ.

ನನ್ನ ಪ್ರಕಾರ ಇದೇ ಅದರ ಅಸಲಿ ಪಾಪ. ಈ ಧಾರಾವಾಹಿಯಲ್ಲಿ ಅಸಂಬದ್ಧತೆಗೆ ಯಾವತ್ತೂ ಬರವಿರಲಿಲ್ಲ. ಆದರೆ ಎಷ್ಟೇ ಹುಚ್ಚು ಸಂಗತಿ ಎದುರಾದರೂ ಸ್ಟೀಡ್ ಅದನ್ನು ಹುಬ್ಬು ಹಾರಿಸದೆ, ಮುಖ ಸಡಿಲಿಸದೆ ಸ್ವೀಕರಿಸುತ್ತಿದ್ದ. ತೆರೆಯ ಮೇಲಿರುವವರೇ ಕಥೆಯನ್ನು ಗೇಲಿ ಮಾಡತೊಡಗಿದರೆ ನೋಡುವವರಿಗೆ ನಗಲು ಉಳಿಯುವುದೇನು?

ಪ್ರಶ್ನೆ: ಹಾಗಾದರೆ ಎಮ್ಮಾಳ ಜಾಗಕ್ಕೆ ಲಿಂಡಾ ಥಾರ್ಸನ್ ಅವರ ಟಾರಾ ಕಿಂಗ್ ಬಂದ ಮೇಲೆ ಧಾರಾವಾಹಿ ಸೊರಗಿತು ಎಂಬ ಮಾತು ಸರಿಯಲ್ಲವೇ? ‘ಇನ್‌ವೇಷನ್ ಆಫ್ ದಿ ಅರ್ಥ್‌ಮೆನ್’ ನೋಡಿ ನನಗಂತೂ ನಿರಾಸೆಯಾಯಿತು.
– ಓದುಗರೊಬ್ಬರು, ಧಾರವಾಡ

ಉತ್ತರ: ತಮ್ಮ ನಿರಾಸೆ ನ್ಯಾಯವಾದದ್ದೇ. ಬಾಹ್ಯಾಕಾಶವನ್ನು ಗೆಲ್ಲಲೆಂದು ತರುಣ ತರುಣಿಯರನ್ನು ಕ್ರೂರವಾಗಿ ಪಳಗಿಸುವ ಅಕಾಡೆಮಿಯೊಂದರ ಆ ಕಥೆಯನ್ನು ಬರೆದವರು ಟೆರ್ರಿ ನೇಷನ್. ಅಲ್ಲಿ ಮುಖವೇನೋ ಬಿಗಿಯಾಗಿಯೇ ಇದೆ, ಆದರೆ ಆ ಬಿಗುವಿನ ಹಿಂದೆ ಇರಬೇಕಾದ ಚೇಷ್ಟೆಯ ಬುದ್ಧಿ ಇಲ್ಲ. ಬೆನ್ನಟ್ಟುವುದು, ಸಿಕ್ಕಿಬೀಳುವುದು, ಮತ್ತೆ ಬೆನ್ನಟ್ಟುವುದು, ಇಷ್ಟೇ. ಆದರೆ ಇದು ಕೂಡ ಬ್ರೈಸ್ ಅವರ ಆ ಅಲ್ಪಾವಧಿಯಲ್ಲಿ ಆರಂಭವಾದ ಕಂತು ಎಂಬುದನ್ನು ಗಮನಿಸಬೇಕು. ಪಾತ್ರವೇ ಇನ್ನೂ ನೆಲೆಗೊಳ್ಳದಿದ್ದಾಗ ಚಿತ್ರಿಸಿದ ಕಂತುಗಳನ್ನು ಮುಂದಿಟ್ಟುಕೊಂಡು ಥಾರ್ಸನ್ ಅವರನ್ನು ಹಳಿಯುವುದು, ಹದ ತಪ್ಪಿದ ಹಿಟ್ಟಿಗಾಗಿ ಬಡಿಸಿದವರನ್ನು ಬೈದಂತೆ.

ಅದೇ ಸೀಸನ್ನಿನಲ್ಲಿ ವಿದೂಷಕರಿಬ್ಬರು ಸಾಲು ಸಾಲಾಗಿ ಕೊಲೆ ಮಾಡುವ, ‘ಲುಕ್’ ಎಂದು ಶುರುವಾಗುವ ಬಲು ಉದ್ದ ಹೆಸರಿನ ಕಂತಿದೆ. ಅದರಲ್ಲಿ ಜಾನ್ ಕ್ಲೀಸ್ ಒಂದು ಚಿಕ್ಕ ಪಾತ್ರದಲ್ಲಿ ಬಂದು ಹೋಗುತ್ತಾರೆ. ಮನರಂಜನೆಯ ದೃಷ್ಟಿಯಿಂದ ಅದು ಎಮ್ಮಾ ಕಾಲದ ಉತ್ತಮ ಕಂತುಗಳ ಪಕ್ಕದಲ್ಲಿ ನಿಲ್ಲಬಲ್ಲದು. ಟಾರಾಳ ‘ಪಂಡೋರಾ’ ಕಂತನ್ನು ನೋಡಿದವರಂತೂ ಥಾರ್ಸನ್ ಅವರಿಗೆ ನಟನೆ ಬರುವುದಿಲ್ಲ ಎನ್ನಲಾರರು. ಇನ್ನು ಧಾರಾವಾಹಿ ನಿಂತುಹೋದುದಕ್ಕೆ ಬಲವಾದ ಕಾರಣ ಅಮೆರಿಕದಲ್ಲಿತ್ತು: ಅಲ್ಲಿನ ಎಬಿಸಿ ಜಾಲ ಇದನ್ನು ಆ ಕಾಲದ ಅತ್ಯಂತ ಜನಪ್ರಿಯ ಹಾಸ್ಯ ಕಾರ್ಯಕ್ರಮವಾದ ‘ಲಾಫ್-ಇನ್’ನ ಎದುರಿಗೆ ಇಟ್ಟಿತು, ಆಮೇಲೆ ಖರೀದಿಯನ್ನೇ ನಿಲ್ಲಿಸಿತು.

ಪ್ರಶ್ನೆ: ಎಮ್ಮಾ ಪೀಲ್ ಕಾಲದಲ್ಲಿ ದುರ್ಬಲ ಕಂತೇ ಇಲ್ಲ ಎಂದು ಇಲ್ಲಿನ ನನ್ನ ಸ್ನೇಹಿತರು ಸಾಧಿಸುತ್ತಾರೆ. ‘ಸ್ಮಾಲ್ ಗೇಮ್ ಫಾರ್ ಬಿಗ್ ಹಂಟರ್ಸ್’ ನೋಡುವಾಗ ನನಗೆ ಇರಿಸುಮುರಿಸಾಯಿತು. ಅದು ನನ್ನೊಬ್ಬನ ಅನಿಸಿಕೆಯೇ?
– ಲಂಡನ್‌ನಲ್ಲಿರುವ ಕನ್ನಡಿಗರೊಬ್ಬರು

ಉತ್ತರ: ತಮ್ಮೊಬ್ಬರದೇ ಅಲ್ಲ, ನನ್ನದೂ ಹೌದು. ಕೈತಪ್ಪಿಹೋದ ‘ಕಲಾಯಾ’ ಎಂಬ ಕಲ್ಪಿತ ಆಫ್ರಿಕನ್ ವಸಾಹತುವನ್ನು ಮರಳಿ ಗೆಲ್ಲಲು, ಇಂಗ್ಲೆಂಡಿನ ನಡುವೆಯೇ ಉಷ್ಣವಲಯದ ಕಾಡನ್ನು ನಿರ್ಮಿಸಿಕೊಂಡು ಕುಳಿತ ಕರ್ನಲ್ ಒಬ್ಬನ ಕಥೆ ಅದು. ಸಾಮ್ರಾಜ್ಯ ಮುಗಿದದ್ದನ್ನು ಒಪ್ಪಲಾರದವರನ್ನು ಅಣಕಿಸುವ ಉದ್ದೇಶವನ್ನು ಮೆಚ್ಚಬೇಕಾದದ್ದೇ; ಆದರೆ ಮಾಟ, ನಗಾರಿ, ಕಾಡುಜನ ಎಂಬ ಸವೆದ ಸರಕನ್ನು ಅಣಕವಿಲ್ಲದೆಯೇ ಬಳಸಿಕೊಂಡಿರುವುದರಿಂದ, ಯಾರನ್ನು ನೋಡಿ ನಗಬೇಕೆಂಬುದು ಅದಕ್ಕೇ ಸ್ಪಷ್ಟವಿದ್ದಂತಿಲ್ಲ. ಬಾಲ್ಯವನ್ನು ಬಿಕಾನೇರಿನಲ್ಲಿ ಕಳೆದಿದ್ದ ಡಯಾನಾ ರಿಗ್ ಅವರಿಗೆ ಆ ಚಿತ್ರಕಥೆ ಓದುವಾಗ ಏನನ್ನಿಸಿತೋ ಎಂಬ ಕುತೂಹಲ ನನಗಿದೆ.

ಎಮ್ಮಾ ಕಾಲದ ಇತರ ಎಡವಟ್ಟುಗಳೂ ಉಂಟು. ‘ದಿ ಸೀ-ಥ್ರೂ ಮ್ಯಾನ್’ನಲ್ಲಿ ವಾರೆನ್ ಮಿಚೆಲ್ ಅವರ ರಷ್ಯನ್ ರಾಯಭಾರಿಯ ಹಾಸ್ಯವನ್ನು ಅತಿಯಾಗಿ ಎಳೆಯಲಾಗಿದೆ. ಹುಚ್ಚು ನಿರ್ದೇಶಕನೊಬ್ಬ ಎಮ್ಮಾಳ ಸಾವನ್ನೇ ಸಿನಿಮಾ ಮಾಡಹೊರಡುವ ‘ಎಪಿಕ್’ ಕೆಲವರಿಗೆ ಪ್ರಾಣ, ಕೆಲವರಿಗೆ ತಲೆನೋವು. ನಾನು ಎರಡನೆಯ ಗುಂಪಿನವನು. ಇದಕ್ಕೆ ವ್ಯತಿರಿಕ್ತವಾಗಿ, ಅನ್ಯಗ್ರಹದಿಂದ ಬಂದ ನರಭಕ್ಷಕ ಬಳ್ಳಿಯ ‘ಮ್ಯಾನ್-ಈಟರ್ ಆಫ್ ಸರ್ರೆ ಗ್ರೀನ್’ ಕಥೆಯಾಗಿ ಶುದ್ಧ ಹುಚ್ಚು, ಬಳ್ಳಿಯೂ ರಬ್ಬರಿನಂತೆ ಕಾಣುತ್ತದೆ. ಆದರೂ ಯಾರೂ ನಗದೆ ಅದನ್ನು ಎದುರಿಸುವುದರಿಂದ ಕೊನೆಯತನಕ ನೋಡಿಸಿಕೊಳ್ಳುತ್ತದೆ.

ಪ್ರಶ್ನೆ: ಡಾ. ಮಾರ್ಟಿನ್ ಕಿಂಗ್ ಎಂಬ ಪಾತ್ರ ಮೂರೇ ಕಂತುಗಳಲ್ಲಿ ಮಾಯವಾದದ್ದೇಕೆ?
– ಓದುಗರೊಬ್ಬರು, ಮೈಸೂರು

ಉತ್ತರ: ಮೊದಲ ಸೀಸನ್ನಿನ ನಾಯಕ, ಡಾ. ಕೀಲ್ ಪಾತ್ರದ ಇಯಾನ್ ಹೆಂಡ್ರಿ ಹೊರನಡೆದಾಗ ಆ ಪಾತ್ರಕ್ಕಾಗಿ ಬರೆದಿದ್ದ ಕೆಲವು ಚಿತ್ರಕಥೆಗಳು ಉಳಿದಿದ್ದವು. ಅವನ್ನು ಮುಗಿಸಲೆಂದೇ ಜಾನ್ ರೋಲಸನ್ ಅವರನ್ನು ಕರೆತಂದು ವೈದ್ಯನ ಹೆಸರನ್ನಷ್ಟೇ ಬದಲಿಸಿದರು. ಚಿತ್ರಕಥೆಗಳು ಮುಗಿದವು, ವೈದ್ಯನೂ ಮುಗಿದ. ಅಭಿಮಾನಿಗಳು ‘ಹೋಮಿಸೈಡ್’ ಬಗ್ಗೆ ರೇಗುತ್ತಾರೆ, ಜಗಳವಾಡುತ್ತಾರೆ. ಈ ಮೂರು ಕಂತುಗಳಲ್ಲಿ ರೇಗಲೂ ಏನೂ ಇಲ್ಲವಾದ್ದರಿಂದ, ನನ್ನ ಲೆಕ್ಕದಲ್ಲಿ ‘ಹೋಮಿಸೈಡ್’ಗಿಂತಲೂ ಕೆಳಗಿನ ಸ್ಥಾನ ಇವುಗಳದ್ದೇ.