ಮೀಡಿಯೇಷನ್ ಸರ್ಟಿಫಿಕೇಟ್ ಇಲ್ಲದೆ ಫ್ಯಾಮಿಲಿ ಕೋರ್ಟ್‌ಗೆ ಹೋಗಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಮದುವೆ 2019ರಲ್ಲಿ ಮಂಡ್ಯದ ಛತ್ರದಲ್ಲಿ ಆಯಿತು. ಗಂಡನ ಮನೆ ಮೈಸೂರು. ಎರಡು ವರ್ಷದಿಂದ ಮಗಳ ಜೊತೆ ತವರಿನಲ್ಲಿದ್ದೇನೆ, ಅವರು ಖರ್ಚಿಗೆ ಒಂದು ರೂಪಾಯಿ ಕೊಟ್ಟಿಲ್ಲ. ಊರಿನ ಹಿರಿಯರು ಪಂಚಾಯಿತಿ ಮಾಡಿ ಛಾಪಾ ಕಾಗದದಲ್ಲಿ ‘ಇಬ್ಬರೂ ಬಿಡುಗಡೆ, ಜೀವನಾಂಶ ಕೇಳುವುದಿಲ್ಲ’ ಎಂದು ಬರೆಸಿ ಸಹಿ ಹಾಕಿಸಿದರು. ಈಗ ಕೋರ್ಟ್‌ಗೆ ಹೋಗೋಣ ಅಂದರೆ, ಅರ್ಜಿ ಟೈಪ್ ಮಾಡಿಕೊಡುವವರೊಬ್ಬರು ‘ಮೊದಲು ಮೀಡಿಯೇಷನ್ ಸರ್ಟಿಫಿಕೇಟ್ ಬೇಕು, ಇಲ್ಲಾಂದ್ರೆ ಅರ್ಜಿ ತಗೊಳ್ಳಲ್ಲ, ನಾನೇ ಮಾಡಿಸಿಕೊಡ್ತೀನಿ’ ಎಂದು ಎಂಟು ಸಾವಿರ ಕೇಳುತ್ತಿದ್ದಾರೆ. ಕೊಡಬೇಕಾ?
— ಹೆಸರು ಬೇಡ, ಮಂಡ್ಯ ತಾಲ್ಲೂಕು

ಉತ್ತರ: ಕೊಡಬೇಡಿ ತಂಗಿ. ವಿಚ್ಛೇದನಕ್ಕಾಗಲಿ, ಜೀವನಾಂಶಕ್ಕಾಗಲಿ, ಮಗಳ ಪಾಲನೆಗಾಗಲಿ ಅರ್ಜಿ ಹಾಕುವ ಮುಂಚೆ ಅಂಥ ಸರ್ಟಿಫಿಕೇಟ್ ತರಲೇಬೇಕು ಎಂದು ನಮ್ಮ ಕಾನೂನಿನಲ್ಲಿ ಇಲ್ಲ. ಕೋರ್ಟ್‌ಗೆ ಹೋಗುವ ಮೊದಲೇ ಸಂಧಾನ, ಅಂದರೆ ಈ ಮೀಡಿಯೇಷನ್, ಕಡ್ಡಾಯ ಎನ್ನುವುದು ವ್ಯಾಪಾರದ ದಾವೆಗಳಿಗೆ, ಅದೂ ತುರ್ತು ಆದೇಶ ಬೇಡದಿದ್ದಾಗ. 2018ರಲ್ಲಿ ಕಮರ್ಷಿಯಲ್ ಕೋರ್ಟ್ ಕಾಯ್ದೆಗೆ ಸೇರಿಸಿದ ನಿಯಮ ಅದು. ಗಂಡ ಹೆಂಡತಿ ಜಗಳಕ್ಕೂ ಅದಕ್ಕೂ ಸಂಬಂಧವಿಲ್ಲ. 2023ರ ಮಧ್ಯಸ್ಥಿಕೆ (ಮೀಡಿಯೇಷನ್) ಕಾಯ್ದೆ ಕೂಡ ಮೊದಲೇ ಸಂಧಾನಕ್ಕೆ ಕೂರುವುದನ್ನು ಇಬ್ಬರ ಇಷ್ಟಕ್ಕೇ ಬಿಟ್ಟಿದೆ.

ನಮ್ಮಲ್ಲಿ ಸಂಧಾನ ಬರುವುದು ಹೆಚ್ಚಾಗಿ ಅರ್ಜಿ ಹಾಕಿದ ಮೇಲೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಂ ಪ್ರಕಾರ, ಸಾಧ್ಯವಿರುವ ಕಡೆ ಮೊದಲು ರಾಜಿಗೆ ಪ್ರಯತ್ನ ಮಾಡುವುದು ಜಡ್ಜ್ ಅವರದ್ದೇ ಕರ್ತವ್ಯ. ಕಡತವನ್ನು ಕೋರ್ಟ್‌ನ ಮಧ್ಯಸ್ಥಿಕೆ ಕೇಂದ್ರಕ್ಕೆ ಅವರೇ ಕಳಿಸುತ್ತಾರೆ. ಅಲ್ಲಿ ನಿಮ್ಮಿಂದ ಫೀಸು ತೆಗೆದುಕೊಳ್ಳುವುದಿಲ್ಲ. ಒಪ್ಪಂದ ಆಗದಿದ್ದರೆ ‘ಆಗಲಿಲ್ಲ’ ಎಂದಷ್ಟೇ ವರದಿ ಹೋಗುತ್ತದೆ, ಒಳಗೆ ನೀವು ಅತ್ತು ಹೇಳಿಕೊಂಡ ಮಾತು ಯಾವುದೂ ಹೊರಗೆ ಬರುವುದಿಲ್ಲ.

ಕೇಸು ಹಾಕುವ ಮುಂಚೆಯೇ ಒಮ್ಮೆ ಮಾತಾಡಿ ನೋಡೋಣ ಅನ್ನಿಸಿದರೆ ಅದಕ್ಕೂ ದಾರಿ ಇದೆ. ಮಂಡ್ಯ ಕೋರ್ಟ್ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದುಕೊಡಿ, ಅವರೇ ನಿಮ್ಮ ಗಂಡನನ್ನು ಕರೆಸುತ್ತಾರೆ. ಮದ್ದೂರು, ಪಾಂಡವಪುರ, ನಾಗಮಂಗಲದವರು ಅಲ್ಲಿಯ ತಾಲ್ಲೂಕು ಕಾನೂನು ಸೇವಾ ಸಮಿತಿಗೇ ಹೋಗಬಹುದು. ವಕೀಲರ ಖರ್ಚಿನ ಚಿಂತೆಯೂ ಬೇಡ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂನಲ್ಲಿ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಇಷ್ಟೆಲ್ಲ ಪುಕ್ಕಟೆ ಇರುವಾಗ ಎಂಟು ಸಾವಿರ ಕೇಳಿದ್ದಾರೆ ಅಂದರೆ ನನಗೆ ನಿಜವಾಗಲೂ ಹೊಟ್ಟೆ ಉರಿಯುತ್ತದೆ.

ಹೊಡೆತ ಬಡಿತ, ಬೆದರಿಕೆ ಇದ್ದರೆ ಮಾತ್ರ ಎದುರುಬದುರು ಕೂರಲು ಒಪ್ಪಿಕೊಳ್ಳಬೇಡಿ. ಅದನ್ನು ಮೊದಲ ದಿನವೇ ಹೇಳಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ರಕ್ಷಣಾ ಆದೇಶ ಮೊದಲು ಆಗಲಿ, ರಾಜಿ ಮಾತು ಆಮೇಲೆ. 181 ಮಹಿಳಾ ಸಹಾಯವಾಣಿ ಇದ್ದೇ ಇದೆ.

ಇನ್ನು ಆ ಛಾಪಾ ಕಾಗದ. ಹಿರಿಯರ ಮೇಲೆ ಗೌರವ ಇರಲಿ, ಆದರೆ ಅದರಿಂದ ನಿಮಗೆ ವಿಚ್ಛೇದನ ಆಗಿಲ್ಲ. ನಿಮ್ಮ ಸಮುದಾಯದಲ್ಲಿ ಹಾಗೆ ಬಿಡುಗಡೆ ಕೊಡುವ ಹಳೆಯ ಪದ್ಧತಿ ಇದೆ ಎಂದು ಕೋರ್ಟ್‌ನಲ್ಲಿ ಸಾಬೀತು ಮಾಡಿದರೆ ಬೇರೆ ಮಾತು, ಅದು ಸುಲಭವಲ್ಲ. ಅದನ್ನು ನಂಬಿ ಇಬ್ಬರಲ್ಲಿ ಯಾರೂ ಇನ್ನೊಂದು ಮದುವೆ ಆಗಬೇಡಿ. ‘ಜೀವನಾಂಶ ಕೇಳುವುದಿಲ್ಲ’ ಎಂದು ಬರೆದಿರುವುದಕ್ಕೂ ಹೆದರಬೇಡಿ, ಮಗಳ ಹಕ್ಕನ್ನು ನೀವು ಬರೆದುಕೊಡಲು ಬರುವುದೇ ಇಲ್ಲ. ಹರಿದು ಹಾಕಬೇಡಿ ಮಾತ್ರ, ವಕೀಲರಿಗೆ ತೋರಿಸಿ.

ನಿಜವಾಗಿ ಬೇಕಾಗುವ ಕಾಗದಗಳು ನಿಮ್ಮ ಮನೆಯ ಬೀರುವಿನಲ್ಲೇ ಇರುತ್ತವೆ. ಲಗ್ನಪತ್ರಿಕೆ, ಮದುವೆಯ ಫೋಟೊ, ನೋಂದಣಿ ಆಗಿದ್ದರೆ ಅದರ ಪ್ರತಿ, ಮಗಳ ಜನನ ಪ್ರಮಾಣಪತ್ರ, ಆಧಾರ್, ಗಂಡನ ಈಗಿನ ವಿಳಾಸ. ಜನ ಜಾಸ್ತಿ ಎಡವುವುದು ಆಸ್ತಿ, ಆದಾಯ, ಸಾಲದ ಅಫಿಡವಿಟ್‌ನಲ್ಲಿ, ಅಂದರೆ ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆಯಲ್ಲಿ. 2020ರ ನವೆಂಬರ್‌ನಲ್ಲಿ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಸಲ್ಲಿಸಲೇಬೇಕು ಎಂದಿತು. ಬ್ಯಾಂಕ್ ಪಾಸ್‌ಬುಕ್, ಶಾಲೆ ಫೀಸಿನ ರಸೀದಿ, ಔಷಧಿ ಬಿಲ್ಲು, ಬಾಡಿಗೆ ಎಲ್ಲ ಕೂಡಿಸಿಟ್ಟುಕೊಳ್ಳಿ. ಸುಳ್ಳು ಬರೆಯಬೇಡಿ, ಟೈಲರಿಂಗ್‌ನಿಂದ ನಾಲ್ಕು ಸಾವಿರ ಬಂದರೆ ನಾಲ್ಕು ಸಾವಿರ ಎಂದೇ ಬರೆಯಿರಿ.

ಮೈಸೂರಿಗೆ ಅಲೆಯುವುದೂ ಬೇಡ. ಹೆಂಡತಿ ತಾನು ವಾಸವಿರುವ ಊರಿನ ಕೋರ್ಟ್‌ನಲ್ಲೇ ಅರ್ಜಿ ಹಾಕಬಹುದು. ಜೀವನಾಂಶಕ್ಕೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಹಳೆಯ 125 ಅಂತ ಹೇಳುತ್ತಿದ್ದರಲ್ಲ, ಅದೇ. ಜೊತೆಗೆ ಮಧ್ಯಂತರ ಜೀವನಾಂಶದ, ಅಂದರೆ ಕೇಸು ಮುಗಿಯುವವರೆಗಿನ ಖರ್ಚಿನ, ಅರ್ಜಿಯನ್ನೂ ಹಾಕಿ. ಗಂಡನಿಗೆ ನೋಟಿಸ್ ತಲುಪಿದ 60 ದಿನದೊಳಗೆ, ಆದಷ್ಟು ಮಟ್ಟಿಗೆ, ಅದನ್ನು ತೀರ್ಮಾನ ಮಾಡಬೇಕು ಎಂದು ಕಾನೂನಿನಲ್ಲೇ ಇದೆ.

ಪ್ರಶ್ನೆ: ನನ್ನ ತಂಗಿ ಕೇಸು ಮೈಸೂರಿನಲ್ಲಿ ಮೀಡಿಯೇಷನ್‌ಗೆ ಹೋಗಿದೆ. ಬಾವ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಸಿದ್ಧರಿದ್ದಾರೆ. ಒಪ್ಪಂದದಲ್ಲಿ ಏನೇನು ಬರೆಸಬೇಕು?
— ಒಬ್ಬ ಅಣ್ಣ, ಮೈಸೂರು

ಉತ್ತರ: ಬಾಯಿಮಾತಿನಲ್ಲಿ ಏನನ್ನೂ ಉಳಿಸಬೇಡಿ. ‘ಒಡವೆ ವಾಪಸ್ ಕೊಡುತ್ತೇನೆ’ ಎಂದರೆ ಸಾಲದು. ಯಾವ ಒಡವೆ, ಎಷ್ಟು ಗ್ರಾಂ, ಯಾವ ತಾರೀಖು, ಎಲ್ಲಿ ಕೊಡುವುದು, ಇಷ್ಟೂ ಬರಬೇಕು. ದುಡ್ಡು ಕಂತಿನಲ್ಲಿ ಅಂದರೆ ಪ್ರತಿ ಕಂತಿನ ದಿನ, ಬ್ಯಾಂಕ್ ಖಾತೆ, ತಪ್ಪಿದರೆ ಏನು ಎನ್ನುವುದು ಬರಬೇಕು. ಮಗು ಇದ್ದರೆ ಭಾನುವಾರದ ಭೇಟಿ, ದಸರಾ ರಜೆ, ಬೇಸಿಗೆ ರಜೆ, ಶಾಲೆ ಫೀಸು ಯಾರದ್ದು ಎಂದು ಬಿಡಿಸಿ ಬರೆಸಿ, ಮುಂದೆ ಜಗಳ ಹುಟ್ಟುವುದು ಅಲ್ಲೇ. ಬೇರೆ ಕೇಸುಗಳಿದ್ದರೆ ಯಾವುದನ್ನು ಯಾರು, ಯಾವಾಗ ಮುಗಿಸಿಕೊಳ್ಳಬೇಕು ಎನ್ನುವುದೂ ಸೇರಲಿ.

ಹಿಂದೂ ವಿವಾಹ ಕಾಯ್ದೆಯಲ್ಲಿ ಪರಸ್ಪರ ಒಪ್ಪಿಗೆಗೆ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ತಕ್ಕ ಕಾರಣವಿದ್ದರೆ ಕೋರ್ಟ್ ಬಿಟ್ಟುಕೊಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಹಿ ಮಾಡುವುದು ನಿಮ್ಮ ತಂಗಿ, ನೀವಲ್ಲ. ಹಾಗಾಗಿ ಒಪ್ಪಂದವನ್ನು ಕನ್ನಡದಲ್ಲಿ ಓದಿ ಹೇಳಿ ಎಂದು ಆಕೆಯೇ ಕೇಳಲಿ, ಅರ್ಥ ಆಗದ ಒಂದು ಸಾಲು ಇದ್ದರೂ ಅವತ್ತು ಸಹಿ ಬೇಡ, ಇನ್ನೊಂದು ದಿನ ತೆಗೆದುಕೊಳ್ಳಲಿ. ಸಹಿ ಆದ ಮೇಲೆ ಒಂದು ಪ್ರತಿ ಕೇಳಿ ಪಡೆದುಕೊಂಡೇ ಮನೆಗೆ ಬನ್ನಿ.